ಕೆರೆ ಫಲಕಕ್ಕೆ ಪದ ಬೇಕು: ಸಣ್ಣ ಸಣ್ಣ ಜಾಗಗಳಿಗೆ ನಿಮ್ಮ ಕಡೆ ಏನಂತೀರಿ?

ಏರಿದಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಪಕ್ಕದ ಕೆರೆಯ ಸುತ್ತ ಫಲಕ ಹಾಕಿಸಲು ನಮ್ಮ ಕೆರೆ ಬಳಗ ಹೊರಟಿದೆ. ಬನ್ನೇರುಘಟ್ಟ ರಸ್ತೆ ಕಡೆಯ ಸಣ್ಣ ಕೆರೆ. ಬೆಳಿಗ್ಗೆ ವಾಕಿಂಗ್‌ಗೆ ಬರುವವರೂ ಓದಬೇಕು, ಶನಿವಾರ ಶಾಲೆಯಿಂದ ಬರುವ ಮಕ್ಕಳೂ ಓದಬೇಕು. ಕರಡು ಕೈಗೆ ಬಂದಿದೆ. ಎಲ್ಲಿ ನೋಡಿದರೂ ಪರಿಸರ. ಜಲ ಪರಿಸರ, ತೀರ ಪರಿಸರ, ಸೂಕ್ಷ್ಮ ಪರಿಸರ. ಬರೆದವರು ವಿಷಯ ತಿಳಿದವರೇ. ಆದರೆ ಫಲಕದ ಮುಂದೆ ನಿಂತ ಮಗುವಿಗೆ ಯಾವ ಕಡೆ ನೋಡಬೇಕು ಅಂತ ಇದರಿಂದ ಗೊತ್ತಾಗುವುದಿಲ್ಲ.

ನಮ್ಮ ಕೆರೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುವ ಒಂದು ಅಂಚಿದೆ, ಪೂರ್ತಿ ಜೊಂಡು. ನಾಮದಕೋಳಿ, ಜಂಬುಕೋಳಿ ಎಲ್ಲಾ ಅಲ್ಲೇ. ಸ್ವಲ್ಪ ಆಚೆ ಜಲ್ಲಿಕಲ್ಲಿನ ಬಯಲು. ಹುಲ್ಲು ಕೂಡ ಸರಿಯಾಗಿ ಹುಟ್ಟುವುದಿಲ್ಲ. ಟಿಟ್ಟಿಭ ಅಲ್ಲಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಏರಿಗೆ ಜೋಡಿಸಿದ ಕಲ್ಲುಗಳ ಸಂದಿನಲ್ಲಿ ಹಾವುರಾಣಿ ಓಡಾಡುತ್ತದೆ. ಕಾಲುವೆ ಬಂದು ಸೇರುವಲ್ಲಿ ಮೆತ್ತನೆಯ ಹೂಳು, ಅದರ ಮೇಲೆ ಕೊಕ್ಕರೆ ಹೆಜ್ಜೆ. ಜೊಂಡಿನಲ್ಲಿ ಗೂಡು ಕಟ್ಟುವ ಹಕ್ಕಿ ಜಲ್ಲಿ ಬಯಲಲ್ಲಿ ಬದುಕುವುದಿಲ್ಲ, ಜಲ್ಲಿ ಬಯಲಿನದು ಜೊಂಡಿಗೆ ಬರುವುದಿಲ್ಲ. ಇಷ್ಟಕ್ಕೂ ಒಂದೇ ಪದ ಸಾಕಾ?

ನಿಮ್ಮ ಮನೆಯಲ್ಲಿ, ಊರಿನಲ್ಲಿ ನಿಜವಾಗಿ ಬಾಯಲ್ಲಿರುವ ಪದ ಕೊಡಿ. ಜೊತೆಗೆ ಆ ಜಾಗದಲ್ಲಿ ಏನು ನಡೆಯುತ್ತದೆ ಅಂತಾನೂ ಬರೆಯಿರಿ.

ಹಳೇಹಳ್ಳಿ ಹೊಸವಾರ್ಡು

ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಮ್ಮ. ನಮ್ಮದು ವರ್ತೂರು ಕಡೆ. ಕೆರೆ ಕೆಳಗೆ ಗದ್ದೆ ಮಾಡಿದ ಮನೆತನ. ನಮ್ಮಲ್ಲಿ ಕೆರೆ ಅಂದರೆ ನೀರು ಮಾತ್ರ ಆಗಿರಲಿಲ್ಲ. ಒಂದೊಂದು ಜಾಗಕ್ಕೂ ಹೆಸರಿತ್ತು, ಒಂದೊಂದು ಹೆಸರಿಗೂ ಒಂದು ಕೆಲಸ.

ನೀರು ತಡೆಯುವ ಮಣ್ಣಿನ ದಿಬ್ಬ ಏರಿ. ಅದರೊಳಗಿಂದ ಗದ್ದೆಗೆ ನೀರು ಬಿಡುವುದು ತೂಬು. ಹೆಚ್ಚಾದ ನೀರು ಹೊರಗೆ ಹೋಗುವುದು ಕೋಡಿ. ನೀರು ಹರಡುವ ಒಳಭಾಗ ಕೆರೆ ಅಂಗಳ. ತೂಬಿನ ನೀರು ಉಣ್ಣುವ ಗದ್ದೆಯೆಲ್ಲಾ ಸೇರಿ ಅಚ್ಚುಕಟ್ಟು. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ನೋಡಿಕೊಳ್ಳುವವನು ನೀರುಗಂಟಿ.

ತೂಬು ಈಗಲೂ ಕೆಲವು ಕೆರೆಗಳಲ್ಲಿ ಉಳಿದಿದೆ, ಹೋಗಿ ನೋಡಿ. ಏರಿ ಪಕ್ಕ ನೀರೊಳಗೆ ಎರಡು ಕಲ್ಲುಕಂಬ ನಿಂತಿರುತ್ತವೆ. ಅವುಗಳ ನಡುವೆ ಅಡ್ಡಕಲ್ಲು, ಅದರಲ್ಲಿ ತೂತು. ತೂತಿನೊಳಗೆ ಉದ್ದನೆಯ ಕೋಲು ಇಳಿಬಿಟ್ಟಿರುತ್ತದೆ. ಕೋಲಿನ ತುದಿಯಲ್ಲಿ ಬಿರಡೆ. ಕೋಲು ಎತ್ತಿದರೆ ಕೆಳಗಿನ ಕಂಡಿ ತೆರೆದು ನೀರು ಕಾಲುವೆಗೆ ಹೋಗುತ್ತದೆ. ಎಷ್ಟೋ ಕಡೆ ಈ ಕಂಬಗಳನ್ನು ಹಳೇ ಮಂಟಪದ ಅವಶೇಷ ಅಂದುಕೊಂಡು ಜನ ಫೋಟೋ ತೆಗೆಯುತ್ತಾರೆ. ಫಲಕ ಅಲ್ಲಿ ಖಂಡಿತ ಬೇಕು.

ಇನ್ನೊಂದು ಮಾತು. ನಮ್ಮ ಬೆಂಗಳೂರಿಗೆ ದೊಡ್ಡ ಹೊಳೆ ಇಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿನ ದಿಣ್ಣೆ ಮೇಲಿದೆ ಊರು. ಒಂದು ಕಡೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಇನ್ನೊಂದು ಕಡೆಯದು ದಕ್ಷಿಣ ಪಿನಾಕಿನಿಗೆ. ಅದಕ್ಕೇ ಹಿರಿಯರು ಕೆರೆ ಕೆಳಗೆ ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ. ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ಮುಂದೆ ಪಿನಾಕಿನಿಗೆ. ಕೋಡಿ ಎಲ್ಲಿದೆ ಅಂತ ಗೊತ್ತಿದ್ದವನು ಅದರ ಬಾಯಿಗೆ ಮನೆ ಕಟ್ಟುತ್ತಿರಲಿಲ್ಲ. ಈಗ ಕೋಡಿ ಅನ್ನುವ ಪದವೇ ಗೊತ್ತಿಲ್ಲದವರಿಗೆ ಅದೇ ಜಾಗ ಸೈಟಾಗಿ ಕಾಣುತ್ತದೆ. ಮಳೆ ಬಂದಾಗ ಮನೆಗೆ ನೀರು ನುಗ್ಗಿತು ಅಂತಾರೆ. ನೀರು ತನ್ನ ದಾರಿಯಲ್ಲೇ ಹೋಗುತ್ತಿರುತ್ತದೆ.

ಕೆರೆ ಅಂಗಳದ್ದೂ ಅದೇ ಕಥೆ. ಬೇಸಿಗೆಯಲ್ಲಿ ಒಣಗುತ್ತದೆ, ದನ ಮೇಯುತ್ತವೆ. ಆಗ ಬಂದು ನೋಡಿದವರಿಗೆ ಅದು ಖಾಲಿ ಮೈದಾನ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯ್ತು. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಇದೆ.

ಪಾಠದ ಮೇಷ್ಟ್ರು

ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪಠ್ಯದಲ್ಲಿ ಮೂರು ಪದ ಬರುತ್ತವೆ, ಮಕ್ಕಳು ಮೂರನ್ನೂ ಕಲಸಿಬಿಡುತ್ತಾರೆ. ವಾತಾವರಣ ಅಂದರೆ ಭೂಮಿ ಸುತ್ತಲಿನ ಗಾಳಿ. ಅದೇ ಪದವನ್ನು ನಾವು 'ಆಫೀಸಿನ ವಾತಾವರಣ ಸರಿಯಿಲ್ಲ' ಅಂತಾನೂ ಬಳಸುತ್ತೇವೆ. ಪರಿಸರ ಅಂದರೆ ಸುತ್ತ ಇರುವುದೆಲ್ಲಾ. ಆವಾಸ ಅಂದರೆ ಒಂದು ಜೀವಿ ನಿಜವಾಗಿ ಇರುವ ಜಾಗ. ನಾನು ತರಗತಿಯಲ್ಲಿ ಆವಾಸಕ್ಕೆ 'ನೆಲೆ' ಅನ್ನುತ್ತೇನೆ. ತಕ್ಷಣ ಅರ್ಥ ಆಗುತ್ತದೆ. 'ಪರಿಸರ ವ್ಯವಸ್ಥೆ' ಬೇರೆ ಮಾತು. 1935ರಲ್ಲಿ ಆರ್ಥರ್ ಟಾನ್ಸ್‌ಲಿ ಅನ್ನುವ ಸಸ್ಯವಿಜ್ಞಾನಿ ಅದಕ್ಕೆ ಮೂಲವಾದ ಪದ ಕೊಟ್ಟರು. ಜೀವಿಗಳೂ ಅವುಗಳ ಸುತ್ತಲಿನ ಮಣ್ಣು, ನೀರು, ಗಾಳಿಯೂ ಒಟ್ಟಿಗೆ ಒಂದೇ ವ್ಯವಸ್ಥೆಯಾಗಿ ನಡೆಯುತ್ತವೆ ಅನ್ನುವುದು ಅವರ ವಾದ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಜೀವವಿಜ್ಞಾನಿ ಯಾಕೋಬ್ ಫಾನ್ ಉಕ್ಸ್‌ಕ್ಯೂಲ್ ಅವರ ಯೋಚನೆ. ಒಂದೇ ಜಾಗದಲ್ಲಿದ್ದರೂ ಪ್ರತಿ ಪ್ರಾಣಿಯ ಸುತ್ತಮುತ್ತ ಬೇರೆ ಅನ್ನುತ್ತಾರೆ ಅವರು. ಅವರ ಉದಾಹರಣೆ ಉಣುಗು, ನಾಯಿ ಮೈಮೇಲೆ ಕೂರುವ ಉಣುಗು. ಅವರು ಹೇಳುವ ಜಾತಿಗೆ ಕಣ್ಣಿಲ್ಲ. ಗಿಡದ ತುದಿಯಲ್ಲಿ ಕಾಯುತ್ತದೆ. ಕೆಳಗೆ ಪ್ರಾಣಿ ಹೋದಾಗ ಬೆವರಿನ ಒಂದು ಹುಳಿವಾಸನೆ ಸಿಗುತ್ತದೆ, ಕೈಬಿಟ್ಟು ಬೀಳುತ್ತದೆ. ಬಿದ್ದ ಜಾಗ ಬೆಚ್ಚಗಿದ್ದರೆ, ಕೂದಲಿನ ನಡುವೆ ಬರೀ ಚರ್ಮ ಸಿಕ್ಕರೆ ಅಲ್ಲಿ ಕಚ್ಚುತ್ತದೆ. ಅದರ ಪಾಲಿಗೆ ಪಾರ್ಕೂ ಇಲ್ಲ, ಹೂವೂ ಇಲ್ಲ, ಈ ಮೂರೇ ಇರುವುದು. ಮಕ್ಕಳಿಗೆ ಇದನ್ನು ಹೇಳಿ, 'ಈಗ ಅಳಿಲಿಗೆ ನಮ್ಮ ಶಾಲೆ ಆವರಣ ಹೇಗಿರುತ್ತೆ ಬರೆಯಿರಿ' ಅಂದರೆ ಎಂಥ ಚೆನ್ನಾಗಿ ಬರೆಯುತ್ತಾರೆ ಗೊತ್ತಾ!

ಹವೆಯ ವಿಷಯವೂ ಸೇರಿಸಿ. ಸುದ್ದಿಯಲ್ಲಿ ಹೇಳುವ ಉಷ್ಣಾಂಶವನ್ನು ನೆಲದಿಂದ ಮೇಲೆ, ನೆರಳಿನ ಪೆಟ್ಟಿಗೆಯೊಳಗೆ ಅಳೆಯುತ್ತಾರೆ. ನೆಲಕ್ಕಂಟಿದ ಇರುವೆಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಜೊತೆಗಾರರು ಬೆಂಗಳೂರಿನ ಬೀದಿಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ. ಮರ ಇರುವ ಬೀದಿಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೂ ತಂಪಾಗಿತ್ತು. ರಸ್ತೆಯ ಮೇಲ್ಮೈ 27.5 ಡಿಗ್ರಿವರೆಗೂ ಕಡಿಮೆ ಕಾದಿತ್ತು. ಒಂದೇ ಊರು, ಒಂದೇ ಮಧ್ಯಾಹ್ನ.

ಕಡಲಕಡೆ

ಪರಿಸರ ಪದವನ್ನು ಪೂರ್ತಿ ಬೇಡ ಅನ್ನಬೇಡಿ. ನಾನು ದಕ್ಷಿಣ ಕನ್ನಡದವನು, ಈಗ ಆರ್‌.ಟಿ. ನಗರದಲ್ಲಿದ್ದೇನೆ. ನಮ್ಮ ಕಡೆ ಪತ್ರಿಕೆಯಲ್ಲಿ 'ಸುಳ್ಯ ಪರಿಸರದಲ್ಲಿ ಉತ್ತಮ ಮಳೆ' ಅಂತ ದಿನಾ ಬರುತ್ತದೆ. ಅಲ್ಲಿ ಪರಿಸರ ಅಂದರೆ ಆಸುಪಾಸು ಅಷ್ಟೇ. ಅಜ್ಜಿಯೂ ಹೇಳುವ ಪದ. ಬೆಂಗಳೂರಿಗೆ ಬಂದ ಮೇಲೆ ಪರಿಸರ ಅಂದರೆ ಜೂನ್ 5ಕ್ಕೆ ಗಿಡ ನೆಡುವುದು ಅಂತಾಗಿದೆ.

ಸಣ್ಣ ಜಾಗಕ್ಕೆ ನಮ್ಮಲ್ಲಿ ತೋಡು ಇದೆ, ತೋಟದ ನಡುವೆ ಹರಿಯುವ ಸಣ್ಣ ನೀರು. ಮದಗ ಇದೆ, ಗುಡ್ಡದ ಮೇಲಿನ ಮಳೆನೀರು ನಿಲ್ಲಿಸಿದ ಕೆರೆ. ನಾಗಬನ ಇದೆ, ಅಲ್ಲಿ ಒಂದು ಕಡ್ಡಿ ಮುರಿಯುವಂತಿಲ್ಲ.

ಮಡ್ಡಿಮಣ್ಣು

ಧಾರವಾಡದ ಕಡೆಯವ್ರು ನಾವು. ಸುತ್ತಮುತ್ತ ಅನ್ನೂದಕ್ಕ ಆಜುಬಾಜು ಅಂತೀವಿ. ಟಿಟ್ಟಿಭ ಇರೋ ಆ ಜಲ್ಲಿ ಬಯಲಿಗೆ ನಮ್ಮಲ್ಲೆ ಮಡ್ಡಿ ಅಂತಾರ. ಕಲ್ಲುಮಣ್ಣಿನ ಎತ್ತರದ ಜಾಗ, ಉಳಾಕ ಬರೂದಿಲ್ಲ, ಕುರಿ ಮೇಯಸಾಕ ಬಿಡ್ತಾರ. ಜೊಂಡಿಗೆ ಆಪು.

ನಾಲ್ಕನೇ ಮಹಡಿ

ಬೆಂಗಳೂರಲ್ಲಿ ಹುಟ್ಟಿ ಬೆಳೆದವನು ನಾನು. ನಿಜ ಹೇಳಬೇಕಂದರೆ ನಮ್ಮ ಗುಂಪಿನಲ್ಲಿ ಇರೋದು ಒಂದೇ ಪದ, ಏರಿಯಾ. 'ನಿಮ್ಮ ಏರಿಯಾದಲ್ಲಿ ಮಳೆ ಬಂತಾ?' ಯಲಹಂಕದಲ್ಲಿ ಸುರಿಯುತ್ತಿದ್ದರೆ ಜಯನಗರದಲ್ಲಿ ಬಿಸಿಲು, ಆದ್ದರಿಂದ ಈ ಪ್ರಶ್ನೆ ದಿನಾ ಬೇಕು. ಬಡಾವಣೆ ಅನ್ನೋದು ಬಸ್ ಬೋರ್ಡಿನಲ್ಲಿ, ನೀರಿನ ಬಿಲ್ಲಿನಲ್ಲಿ ಮಾತ್ರ. ಆದರೆ ಕೆರೆ ಪಕ್ಕ ಇಲ್ಲದವರಿಗೂ ಪದ ಇದೆಯಾ? ಮನೆ ಅಂದರೆ ನಾಲ್ಕು ಗೋಡೆ, ಬಾಲ್ಕನಿ, ಅಷ್ಟೇ ಅಲ್ವಾ?

ವಠಾರದ ಹುಡುಗಿ

@ನಾಲ್ಕನೇ ಮಹಡಿ, ಇಲ್ಲ ತಮ್ಮಾ, ಬೇಕಾದಷ್ಟಿದೆ. ನಾವು ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ. ನಡುವೆ ಅಂಗಳ, ಸುತ್ತ ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ. ಈಗಿರುವುದು ಮೂವತ್ತು ನಲವತ್ತರ ಸೈಟಿನಲ್ಲಿ. ಆದರೂ ಸಣ್ಣ ಜಾಗಗಳು ಎಲ್ಲೂ ಹೋಗಿಲ್ಲ.

ಮೊದಲು ಸಂದಿ. ಮನೆ ಗೋಡೆಗೂ ಕಾಂಪೌಂಡಿಗೂ ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ ಇರುತ್ತದಲ್ಲ, ಅದು. ನಮ್ಮ ಸಂದಿಗೆ ಬಿಸಿಲು ಬೀಳುವುದು ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ. ಬಚ್ಚಲಿನ ಪೈಪು ಅಲ್ಲೇ ಇಳಿಯುತ್ತದೆ, ಅದರ ಜೋಡಣೆ ಸ್ವಲ್ಪ ಒಸರುತ್ತದೆ. ಆ ಒಸರಿನ ಕೆಳಗೆ ಗೋಡೆ ಮೇಲೆ ಅಂಗೈಯಗಲ ಹಾವಸೆ ಹಬ್ಬಿದೆ. ಕೆಳಗಿನ ಬಿರುಕಿನಲ್ಲಿ ಜರಿಗಿಡ ಬಂದಿದೆ, ಯಾರೂ ನೆಟ್ಟದ್ದಲ್ಲ. ಹಾವಸೆ ಮೇಲೆ ಬೆರಳಿಟ್ಟರೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಅಲ್ಲಿಂದ ಒಂದು ಮಾರು ಆಚೆ ಒಣ ಸಿಮೆಂಟು, ಒಂದು ಎಳೆ ಹಸಿರಿಲ್ಲ. ಮಳೆಗಾಲದಲ್ಲಿ ಸಂದಿ ತುಂಬಾ ಬಸವನಹುಳು.

ಆಮೇಲೆ ಸಜ್ಜಾ. ಕಿಟಕಿ ಮೇಲಿನ ಕಾಂಕ್ರೀಟು ಹಲಗೆ. ಪಾರಿವಾಳ ಅಲ್ಲೇ ಗೂಡು ಮಾಡುತ್ತದೆ. ವಠಾರದಲ್ಲಿ ಹೆಂಚಿನ ಮಾಡು ಇತ್ತು, ಹೆಂಚಿಗೂ ತೊಲೆಗೂ ನಡುವಿನ ಸೂರಿನಲ್ಲಿ ಗುಬ್ಬಿ ಇರುತ್ತಿತ್ತು. ಕಾಂಕ್ರೀಟಿಗೆ ಸೂರಿಲ್ಲ. ಗುಬ್ಬಿ ಕಾಣೆಯಾಗಲು ಬೇರೆ ಕಾರಣವೂ ಇರಬಹುದು, ಆದರೆ ನಮ್ಮ ಮನೆಯಲ್ಲಂತೂ ಸೂರು ಹೋಯಿತು, ಗುಬ್ಬಿಯೂ ಹೋಯಿತು.

ಬಸವನಗುಡಿ, ಮಲ್ಲೇಶ್ವರದಲ್ಲಿ ಕನ್ಸರ್ವೆನ್ಸಿ ಇದೆ. ಮನೆ ಹಿಂದುಗಡೆ ಮಲ ಹೊರುವವರು ಓಡಾಡಲೆಂದು ಬಿಟ್ಟಿದ್ದ ಓಣಿ. 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಡಾವಣೆಗಳು ಅವು. ಆ ಕೆಲಸ ನಿಂತು ಎಷ್ಟೋ ಕಾಲವಾಯಿತು, ಓಣಿ ಉಳಿದಿದೆ. ಹೆಸರು ಹಿಡಿದೇ ಅಲ್ಲಿ ಯಾರು ನಡೆದರು, ಯಾರ ಕೈಯಲ್ಲಿ ಏನು ಕೆಲಸ ಮಾಡಿಸಿದರು ಅಂತ ನೆನಪಿಡಬೇಕು ಅಂತ ನನ್ನ ಅಭಿಪ್ರಾಯ.

ಮನೆಮನೆ ಭೇಟಿ

ನಾನು ಆರೋಗ್ಯ ಕಾರ್ಯಕರ್ತೆ. ಅಕ್ಕ ಬರೆದದ್ದು ಓದಿ ಬರೆಯಲೇಬೇಕು ಅನ್ನಿಸಿತು. ನಮಗೆ ಕೊಡುವ ಕರಪತ್ರದಲ್ಲಿ 'ನಿಮ್ಮ ಸುತ್ತಮುತ್ತಲಿನ ಪರಿಸರವನ್ನು ಸ್ವಚ್ಛವಾಗಿಟ್ಟುಕೊಳ್ಳಿ' ಅಂತಿರುತ್ತದೆ. ಅದನ್ನು ಓದಿ ಜನ ಮನೆ ಮುಂದೆ ಗುಡಿಸಿ, ಮೋರಿಗೆ ಪುಡಿ ಹಾಕಿ ಸುಮ್ನೆ ಕೂರುತ್ತಾರೆ. ಡೆಂಗಿ ಸೊಳ್ಳೆ ಮೋರಿಯಲ್ಲಿ ಹುಟ್ಟುವುದಲ್ಲ. ಅದಕ್ಕೆ ಬೇಕಾದ್ದು ಮನೆಯೊಳಗಿನ, ಮನೆ ಪಕ್ಕದ ನಿಂತ ತಿಳಿನೀರು. ಮೋರಿಯಲ್ಲಿ ಹುಟ್ಟುವುದು ಕ್ಯೂಲೆಕ್ಸ್ ಅನ್ನುವ ಬೇರೆ ಸೊಳ್ಳೆ. ನಗರದ ಮಲೇರಿಯಾ ಸೊಳ್ಳೆ ಬಾವಿ, ಓವರ್‌ಹೆಡ್ ಟ್ಯಾಂಕಿನಲ್ಲಿ.

ಅದಕ್ಕೇ ನಾನು ಪರಿಸರ ಅನ್ನುವುದನ್ನು ಬಿಟ್ಟು ಜಾಗದ ಹೆಸರು ಹಿಡಿದು ಕೇಳುತ್ತೇನೆ. ಫ್ರಿಜ್ ಹಿಂದಿನ ತಟ್ಟೆ ನೋಡಿದ್ರಾ? ಹೂಕುಂಡದ ಕೆಳಗಿನ ತಟ್ಟೆ? ಸಂಪಿನ ಮುಚ್ಚಳ ಸರಿಯಾಗಿ ಕೂತಿದೆಯಾ? ಸಜ್ಜಾ ಮೇಲೆ ಎಸೆದ ತೆಂಗಿನ ಚಿಪ್ಪು? ತಾರಸಿ ಮೂಲೆಯಲ್ಲಿ ನೀರು ನಿಂತಿದೆಯಾ? ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು? ಹೀಗೆ ಕೇಳಿದರೆ ಜನ ಎದ್ದು ಹೋಗಿ ನೋಡುತ್ತಾರೆ. ಒಂದು ಮನೆಯಲ್ಲಿ ಹೆಂಗಸು ಫ್ರಿಜ್ ಎಳೆದು, ಹಿಂದಿನ ತಟ್ಟೆಯಲ್ಲಿ ಹುಳ ಕುಣಿಯುವುದನ್ನು ನೋಡಿ ಬೆಚ್ಚಿಬಿದ್ದರು. ಮಗು ಆಗತಾನೇ ಆಸ್ಪತ್ರೆಯಿಂದ ಬಂದಿತ್ತು.

ಮೊಟ್ಟೆಯಿಂದ ಸೊಳ್ಳೆ ಆಗಲು ಹೆಚ್ಚುಕಡಿಮೆ ಒಂದು ವಾರ, ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ಚೆಲ್ಲಿ ಒಣಗಿಸಬೇಕು. ಬರೀ ಚೆಲ್ಲಿದರೆ ಸಾಲದು, ಒಳಗೋಡೆ ಉಜ್ಜಿ ತೊಳೆಯಬೇಕು. ಮೊಟ್ಟೆ ನೀರಿನ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ.

ಪಹಣಿ ನೋಡಿದವ

ಸರ್ವೆ ಕೆಲಸದಲ್ಲಿದ್ದು ನಿವೃತ್ತನಾಗಿದ್ದೇನೆ. ಕಾಗದದಲ್ಲಿರುವ ಪದ ಯಾರೂ ಹೇಳಲಿಲ್ಲ, ಹೇಳುತ್ತೇನೆ. ಗ್ರಾಮನಕ್ಷೆ ತೆಗೆದರೆ ಕೆರೆ, ಕುಂಟೆ, ಕಟ್ಟೆ, ಹಳ್ಳ, ಬಂಡಿದಾರಿ, ಗೋಮಾಳ, ಗುಂಡುತೋಪು ಎಲ್ಲಾ ಇರುತ್ತದೆ. ಕುಂಟೆ ಅಂದರೆ ಕೆರೆಗಿಂತ ಚಿಕ್ಕದು, ದನ ಕುಡಿಯುವಷ್ಟು ನೀರು. ಗುಂಡುತೋಪು ಊರಿಗೆ ಸೇರಿದ ಮರಗಳ ಗುಂಪು. ಮಾವು, ಹುಣಸೆ, ನೇರಳೆ, ಹೊಂಗೆ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು, 54 ಎಕರೆ. ಅದನ್ನು ತೋಪು ಅಂತಲೇ ಜನ ಉಳಿಸಿಕೊಂಡು ಬಂದಿದ್ದರು.

ಖರಾಬು ಅನ್ನುವ ಪದದ ಬಗ್ಗೆ ಎಚ್ಚರ. ಕೇಳಿದರೆ ಕೆಟ್ಟ ಜಮೀನು ಅನ್ನಿಸುತ್ತದೆ. ಎ ಖರಾಬು ಅಂದರೆ ಕಲ್ಲುಬಂಡೆ ಇತ್ಯಾದಿಯಿಂದ ಸಾಗುವಳಿಗೆ ಬಾರದ್ದು. ಬಿ ಖರಾಬು ಅಂದರೆ ದಾರಿ, ಹಳ್ಳ, ಕುಂಟೆಯಂಥ ಸಾರ್ವಜನಿಕ ಜಾಗ. ಎರಡಕ್ಕೂ ಬಹಳ ವ್ಯತ್ಯಾಸ. ಏರಿದಾರಿ ಮೇಡಂ, ನಿಮ್ಮ ಕೆರೆಗೆ ಬರುವ ಕಾಲುವೆ ನಕ್ಷೆಯಲ್ಲಿ ಎಲ್ಲಿದೆ ಅಂತ ಒಮ್ಮೆ ನೋಡಿಸಿ. ದೂರು ಕೊಡುವಾಗ 'ಪರಿಸರ ಹಾಳಾಗುತ್ತಿದೆ' ಅಂತ ಬರೆದರೆ ಕಡತ ಮೂಲೆ ಸೇರುತ್ತದೆ. 'ಇಂಥ ಸರ್ವೆ ನಂಬರಿನ ಪಕ್ಕದ ಬಿ ಖರಾಬು ಹಳ್ಳಕ್ಕೆ ಮಣ್ಣು ತುಂಬಿದ್ದಾರೆ' ಅಂತ ಬರೆದರೆ ಯಾರಾದರೂ ಬಂದು ಅಳೆಯಬೇಕಾಗುತ್ತದೆ.

ಪೊಟರೆ

ಹಕ್ಕಿ ನೋಡುವವರ ಕಡೆಯಿಂದ ಸ್ವಲ್ಪ. ಮರದ ತೂತಿಗೆ ಪೊಟರೆ ಅನ್ನುತ್ತೇವೆ, ನನ್ನ ಹೆಸರೂ ಅದೇ. ಗಿಳಿ, ಹಾಲಕ್ಕಿ, ಮೈನಾ ಎಲ್ಲಾ ಪೊಟರೆಗೆ ಕಾಯುತ್ತವೆ, ತಾವೇ ಕೊರೆಯುವುದಿಲ್ಲ. ಕೊರೆಯುವುದು ಮರಕುಟಿಗ, ಕುಟ್ರುಹಕ್ಕಿ. ಅವು ಒಣಕೊಂಬೆ ಹುಡುಕುತ್ತವೆ. ನಮ್ಮ ಬೀದಿಗಳಲ್ಲಿ ಒಣಕೊಂಬೆ ಕಂಡ ತಕ್ಷಣ ಕತ್ತರಿಸುತ್ತಾರೆ. ತಲೆ ಮೇಲೆ ಬೀಳುವಂಥದ್ದು ತೆಗೆಯಲೇಬೇಕು, ಸರಿ. ಕೆರೆ ಅಂಚಿನ ಒಣಮರ ಬಿಟ್ಟರೆ ಯಾರಿಗೇನು ತೊಂದರೆ?

ಲಾಲ್‌ಬಾಗ್ ಬಂಡೆ ಎಲ್ಲರಿಗೂ ಗೊತ್ತು, ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಮಳೆ ನಿಂತ ಮೇಲೆ ಅಂಥ ಹಾಸುಬಂಡೆಯ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಬೆಟ್ಟಗಳಲ್ಲಾದರೆ ಅದಕ್ಕೆ ದೊಣೆ ಅಂತಾರೆ. ಕಲ್ಲು ಓತಿಕ್ಯಾತ ಬೇಕಿದ್ದರೆ ಕಾದ ಬರೀ ಬಂಡೆ ಬೇಕು. ಗಿಡ ನೆಟ್ಟು ಹಸಿರು ಮಾಡುತ್ತೇವೆ ಅಂತ ಬಂಡೆ ಮೇಲೆ ಮಣ್ಣು ಸುರಿದರೆ ಅದರ ನೆಲೆ ಹೋಯಿತು. ಹೆಸರಘಟ್ಟದ ಹುಲ್ಲುಗಾವಲಿಗೂ 'ಬರಡು' ಅನ್ನುವ ಪದ ಅಂಟಿಸಿ ಸಸಿ ನೆಡಲು ಹೊರಡುವವರಿದ್ದಾರೆ. ಅಲ್ಲಿನ ಬಾನಾಡಿಗೆ ಬಯಲೇ ಬೇಕು. 2020ರಲ್ಲಿ ಬೆಂಗಳೂರಿನ ಹೊರವಲಯದಿಂದ ಒಂದು ಹೊಸ ಬಿಲಗಪ್ಪೆಯನ್ನು ವಿಜ್ಞಾನಿಗಳು ವಿವರಿಸಿದರು. ಅದರ ವೈಜ್ಞಾನಿಕ ಹೆಸರೇ ಸ್ಫೇರೋಥೀಕಾ ಬೆಂಗಳೂರು. ನಮ್ಮೂರಿನ ಹೆಸರು ಹೊತ್ತ ಕಪ್ಪೆ ಇರುವುದು ಮಣ್ಣೊಳಗೆ. ಅಂಥ ಜಾಗಕ್ಕೆ ನಾವು ಖಾಲಿ ಸೈಟು ಅಂತೀವಿ.

ನಿಮ್ಮ ಜಲ್ಲಿ ಬಯಲಿಗೆ ಮಡ್ಡಿ ಅಂತ ಹಾಕಿದರೆ ಬೆಂಗಳೂರು ಕಡೆಯವರಿಗೆ ಗೊತ್ತಾಗಲ್ಲ. ಕಲ್ಲುಬಯಲು ಅಂತ ಹಾಕಿ, ಮಾರ್ಚ್‌ನಿಂದ ಮಳೆಗಾಲದವರೆಗೆ ಅಲ್ಲಿ ಕಾಲಿಡಬೇಡಿ ಅಂತಾನೂ ಬರೆಸಿ. ಮೊಟ್ಟೆ ಕಲ್ಲಿನ ಬಣ್ಣಕ್ಕೇ ಇರುತ್ತದೆ, ಕಾಣುವುದೇ ಇಲ್ಲ.

ಏರಿದಾರಿ

ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ನಿನ್ನೆ ಬಳಗದಲ್ಲಿ ಕೂತು ಕರಡು ಬದಲಾಯಿಸಿದೆವು. ಕೋಡಿಯ ಫಲಕ ಹೀಗೆ ಬರೆದಿದ್ದೇವೆ, ನೋಡಿ ಹೇಳಿ:

'ಇದು ಕೋಡಿ. ಕೆರೆ ತುಂಬಿದಾಗ ಹೆಚ್ಚಿನ ನೀರು ಇಲ್ಲಿಂದ ಹೊರಟು ಕೆಳಗಿನ ಕೆರೆಗೆ ಹೋಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಮೀನು ನೀರಿಗೆದುರಾಗಿ ಹತ್ತುವುದನ್ನು ನೋಡಬಹುದು. ಇಲ್ಲಿ ಕಸ, ಮಣ್ಣು ಹಾಕಿದರೆ ನೀರು ಬೀದಿಗೆ ಬರುತ್ತದೆ.'

ಜೊಂಡಿಗೆ, ಹೂಳಿಗೆ, ಕಲ್ಲುಸಂದಿಗೆ, ಕಲ್ಲುಬಯಲಿಗೆ ಒಂದೊಂದು. ತೂಬು ನಮ್ಮ ಕೆರೆಯಲ್ಲೂ ಇದೆ, ಅರ್ಧ ಹೂತಿದೆ. ಅದಕ್ಕೂ ಹಾಕುತ್ತೇವೆ. ಕಡಲಕಡೆ ಸರ್, ಪರಿಸರ ಪದ ಮೊದಲ ಫಲಕದಲ್ಲಿ ಉಳಿಸಿದ್ದೇವೆ, ನಿಮ್ಮ ಕಡೆಯ ಅರ್ಥದಲ್ಲೇ, 'ಈ ಕೆರೆಯ ಪರಿಸರದಲ್ಲಿ' ಅಂತ.

ಒಂದು ದುಃಖದ ವಿಷಯವೂ ಇದೆ. ಹೋದ ವರ್ಷ ಕೆರೆ ಸ್ವಚ್ಛ ಮಾಡುತ್ತೇವೆ ಅಂತ ಬಂದ ಗುತ್ತಿಗೆದಾರರು ಜೊಂಡು ಪೂರ್ತಿ ಕಿತ್ತಿದ್ದರು. ಅವರ ಕಾಗದದಲ್ಲಿ ಅದು ಕಳೆ. ಗೂಡುಗಳು ಇದ್ದ ಕಾಲ ಅದು. ನಾಮದಕೋಳಿ ಮರಿಗಳು ಬರೀ ನೀರಿನ ಮೇಲೆ ಗುಂಪಾಗಿ ಅಲೆಯುತ್ತಿದ್ದವು, ಹದ್ದು ಒಂದೊಂದಾಗಿ ಎತ್ತಿತು. ಈ ಸಲ ಟೆಂಡರ್ ಕಾಗದದಲ್ಲೇ 'ಪಶ್ಚಿಮದ ಜೊಂಡು ಬಿಡಬೇಕು, ಅಂತರಗಂಗೆ ಮಾತ್ರ ತೆಗೆಯಬೇಕು' ಅಂತ ಸೇರಿಸಲು ಬರೆದುಕೊಟ್ಟಿದ್ದೇವೆ.

ಹಳೇಹಳ್ಳಿ ಹೊಸವಾರ್ಡು

ಚೆನ್ನಾಗಿದೆಯಮ್ಮ. ಒಂದೇ ತಿದ್ದುಪಡಿ. 'ಕೆಳಗಿನ ಕೆರೆಗೆ' ಅಂತ ಬಿಡಬೇಡಿ, ಆ ಕೆರೆಯ ಹೆಸರೇ ಹಾಕಿ. ಓದಿದವರು ಒಂದು ದಿನ ಕಾಲುವೆ ಹಿಡಿದು ಅಲ್ಲಿಯವರೆಗೆ ನಡೆಯಲಿ. ನಡುವೆ ಎಲ್ಲಿ ಮುಚ್ಚಿದೆ ಅಂತ ಆಗ ಕಾಣುತ್ತದೆ.

ನಾಲ್ಕನೇ ಮಹಡಿ

ಫಲಕ ಯಾವುದರಲ್ಲಿ ಮಾಡಿಸ್ತಿದ್ದೀರಿ? ತಗಡಾದರೆ ಎರಡು ಮಳೆಗಾಲಕ್ಕೆ ತುಕ್ಕು. ನಮ್ಮ ಪಕ್ಕದ ಪಾರ್ಕಿನಲ್ಲಿ ಅಕ್ಷರವೇ ಉಳಿದಿಲ್ಲ.

ಏರಿದಾರಿ

ಗ್ರಾನೈಟ್ ಅಂಗಡಿಯಲ್ಲಿ ಉಳಿದ ತುಂಡು ಕಡಿಮೆ ದುಡ್ಡಿಗೆ ಸಿಗುತ್ತದೆ, ಅದರಲ್ಲೇ ಕೆತ್ತಿಸುತ್ತೇವೆ. ಎಂಟನೇ ಕ್ಲಾಸಿನ ಮಗುವಿನ ಎದೆಮಟ್ಟಕ್ಕೆ, ನೆಲದಲ್ಲಿ ಹೂತು ನಿಲ್ಲಿಸುವುದು. ಮರಕ್ಕೆ ಮೊಳೆ ಹೊಡೆಯುವುದಿಲ್ಲ. ಕಲ್ಲುಬಯಲಿನ ಫಲಕ ಮಾತ್ರ ದಾರಿ ಬದಿಗೇ ಇರುತ್ತದೆ, ಒಳಗೆ ಹೋಗಿ ಓದುವಂತಿಲ್ಲ. ಕೆತ್ತನೆಗೆ ಕೊಡುವ ಮುಂಚೆ ಅಕ್ಷರ ತಪ್ಪು ನೋಡಲು ಇಬ್ಬರು ಬೇಕು. ಪಾಠದ ಮೇಷ್ಟ್ರು ಮತ್ತು ವಠಾರದ ಹುಡುಗಿ, ನಿಮ್ಮಿಬ್ಬರಿಗೂ ಪೂರ್ತಿ ಕರಡನ್ನು ಇವತ್ತು ರಾತ್ರಿ ಕಳಿಸಲಾ?

ವಠಾರದ ಹುಡುಗಿ

ಕಳಿಸಿ. ನಾಳೆ ಸಂಜೆಯೊಳಗೆ ನೋಡಿ ಕೊಡುತ್ತೇನೆ.